ಅವತ್ತು ಬಾಟಲಿ ಖಾಲಿಯಾಗಿತ್ತು

ಶಿವಮೊಗ್ಗ
ಭಾನುವಾರ ಬೆಳಿಗ್ಗೆ

ಪುಟ್ಟೀ,

ಗುರುವಾರ ನೀನು ಫೋನ್ ಇಟ್ಟ ಮೇಲೆ ಮತ್ತೆ ಮಾಡೋಣ ಅಂತ ಎರಡು ಸಲ ಕೈಗೆತ್ತಿಕೊಂಡೆ. ಮಾತಿಗೆ ನಿಂತರೆ ಮತ್ತೆ ಜಗಳವೇ ಆಗುತ್ತೆ ಅನ್ನಿಸಿ ಬರೀತಾ ಇದ್ದೀನಿ. ಯಾರು ಏನಂದರು ಅನ್ನೋದು ಇಬ್ಬರಿಗೂ ನೆನಪಿದೆ, ಅದು ಬೇಡ. "ಬಾಟಲಿ ನೇತುಹಾಕೋರಿಗೆ ಏನಪ್ಪಾ ಗೊತ್ತಾಗುತ್ತೆ" ಅಂದೆಯಲ್ಲ, ಅದೊಂದು ಮಾತು ಮಾತ್ರ ತಲೆಯಿಂದ ಇಳೀತಿಲ್ಲ. ಸಿಟ್ಟಿಲ್ಲ. ಇಪ್ಪತ್ತೆಂಟು ವರ್ಷ ಕಣ್ಣಿನ ಆಪರೇಶನ್ ಥಿಯೇಟರಿನಲ್ಲಿ (ಓಟಿ) ಟೆಕ್ನೀಶಿಯನ್ ಆಗಿ ನಾನು ಮಾಡಿದ್ದು ಅದನ್ನೇ ತಾನೆ.

ನಿನ್ನ ಕೈಯಲ್ಲಿ ಆ ಪೇಷೆಂಟ್ ಅಜ್ಜಿಯ ಪಿಸಿ ಹರೀತು. ಕಣ್ಣಿನ ಪೊರೆ ತೆಗೆಯುವಾಗ ಪಿಸಿ, ಅಂದರೆ ಮಸೂರದ ಹಿಂದಿನ ಕ್ಯಾಪ್ಸೂಲ್ ಅನ್ನೋ ತೆಳು ಪದರ, ಹರಿಯೋದು ಯಾರ ಕೈಯಲ್ಲೂ ಆಗದ್ದೇನಲ್ಲ. ನಾನು ಕೆಲಸ ಮಾಡಿದ ಎಲ್ಲ ಸರ್ಜನ್‌ಗಳ ಕೈಯಲ್ಲೂ ಆಗಿದೆ. ನನಗೆ ನುಂಗಲಾಗದ್ದು, ಓಟಿಯಲ್ಲಿ ಎಲ್ಲರ ಎದುರು ನೀನು ಆ ಟೆಕ್ನೀಶಿಯನ್ ಹುಡುಗನಿಗೆ ಬೈದದ್ದು. "ಮೆಶಿನ್ ಎಳೆದುಬಿಡ್ತು, ಅವನು ಸರಿಯಾಗಿ ಸೆಟ್ ಮಾಡಿರಲಿಲ್ಲ" ಅಂದೆ. ವ್ಯಾಕ್ಯೂಮ್ ಎಷ್ಟಿತ್ತು ಅಂತ ಕೇಳಿದ್ದಕ್ಕೆ "ಯಾವಾಗಲೂ ಇಡೋದೇ, 350" ಅಂದೆ. ನನಗೆ ಅಲ್ಲೇ ಗೊತ್ತಾಯ್ತು.

ಒಡೆದ ಮಸೂರವನ್ನು ಎಳೆಯೋ ಪಂಪು ಎರಡು ಥರ. ನೀನು ಕಲಿತದ್ದು ಪೆರಿಸ್ಟಾಲ್ಟಿಕ್ ಮೇಲೆ. ಈ ಹೊಸ ಆಸ್ಪತ್ರೆಯದು ವೆಂಚುರಿ. ಪೆರಿಸ್ಟಾಲ್ಟಿಕ್ ಅಂದರೆ ಹಾಲು ಕರೆದ ಹಾಗೆ: ರೋಲರ್‌ಗಳು ಒಂದರ ಹಿಂದೊಂದು ಬಂದು ಟ್ಯೂಬನ್ನು ಹಿಂಡಿಕೊಂಡು ಹೋಗ್ತವೆ. ಕಣ್ಣೊಳಗಿನ ಸೂಜಿಯ ತುದಿಗೆ ಮಸೂರದ ತುಂಡು ಕಚ್ಚಿಕೊಂಡಾಗಲೇ ವ್ಯಾಕ್ಯೂಮ್ ಏರೋದು. 350 ಅನ್ನೋದು ಅದಕ್ಕೆ ಹಾಕಿದ ಬೇಲಿ ಅಷ್ಟೆ. ವೆಂಚುರಿ ಹಾಗಲ್ಲ. ದೊಡ್ಡಪ್ಪನ ತೋಟದ ಡ್ರಿಪ್‌ನಲ್ಲಿ ಗೊಬ್ಬರದ ನೀರು ಎಳೆಯೋ ವೆಂಚುರಿ ಇದೆಯಲ್ಲ, ಅದೇ ಉಪಾಯ. ನೀರಿನ ಬದಲು ಇಲ್ಲಿ ಗಾಳಿ ನುಗ್ಗುತ್ತೆ. ಪೆಡಲ್ ಪೂರ್ತಿ ಒತ್ತಿದರೆ, ತುದಿಗೆ ಏನೂ ಕಚ್ಚಿರದಿದ್ದರೂ 350 ಬಂದು ಕೂತಿರುತ್ತೆ. ಹರಿವಿಗೆ ಬೇರೆ ಸೆಟ್ಟಿಂಗ್ ಇಲ್ಲ, ವ್ಯಾಕ್ಯೂಮ್ ಏರಿದಷ್ಟೂ ಹರಿವು. ಅಂದರೆ ಅದರ ಕಡಿವಾಣ ಇರೋದು ನಿನ್ನ ಕಾಲಲ್ಲಿ, ಆ ಹುಡುಗನ ಬೆರಳಲ್ಲಿ ಅಲ್ಲ.

ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಕೂತಿದ್ದಾಗ ಈ ಆಪರೇಶನ್ ಕಂಡುಹಿಡಿದ ಡಾಕ್ಟರ್ ಕೆಲ್ಮನ್‌ಗೆ ಮಸೂರ ಒಡೆಯೋಕೆ ಅಲ್ಟ್ರಾಸೌಂಡ್ ಹೊಳೆದದ್ದು, 1967ರಲ್ಲಿ ಮೊದಲ ಸಲ ಮನುಷ್ಯರ ಕಣ್ಣಿಗೆ ಹಿಡಿದದ್ದು, ಈ ಕಥೆ ನೀವೆಲ್ಲ ಹೇಳ್ತೀರಿ. ಬಾಟಲಿಯಿಂದ ಇಳಿದು ಕಣ್ಣನ್ನು ತುಂಬಿಡೋ ನೀರಿನ ಕಥೆ ಯಾರೂ ಹೇಳಲ್ಲ. ಕಚ್ಚಿದ್ದ ತುಂಡು ಸಟ್ಟನೆ ಒಳಗೆ ಹೋದಾಗ, ಅಲ್ಲಿ ತನಕ ಸೊರಗಿದ್ದ ಟ್ಯೂಬ್ ಮತ್ತೆ ಉಬ್ಬುತ್ತೆ, ಕಣ್ಣೊಳಗಿನ ನೀರನ್ನು ಎಳ್ಕೊಳ್ಳುತ್ತೆ. ಅದೇ ಸರ್ಜ್. ಕಣ್ಣಿನ ಮುಂದಿನ ಚೇಂಬರ್‌ನಲ್ಲಿ ಇರೋದೇ ಕಾಲು ಎಂ.ಎಲ್. ನೀರು. ಹಿಂದಿನ ಕ್ಯಾಪ್ಸೂಲ್ ನಡುಮಧ್ಯೆ 4 ಮೈಕ್ರಾನ್ ಆಸುಪಾಸು. ಕೊನೇ ತುಂಡು ಬಂತು ಅಂದರೆ ಅದಕ್ಕೆ ಅಡ್ಡ ನಿಲ್ಲೋಕೆ ಏನೂ ಉಳಿದಿರಲ್ಲ. ಆಗ ವ್ಯಾಕ್ಯೂಮ್ ಇಳಿಸಬೇಕು. ಬಾಟಲಿ ಎತ್ತಿಸಬಹುದು, 15 ಸೆಂ.ಮೀ. ಎತ್ತಿದರೆ ಕಣ್ಣಿಗೆ ಸುಮಾರು 11 ಎಂಎಂ ಒತ್ತಡ ಕೂಡುತ್ತೆ. ಹಾಗಂತ ಎತ್ತುತ್ತಲೇ ಹೋಗಬಾರದು, ಗ್ಲಾಕೋಮಾ ಇದ್ದವರಿಗೆ... ನೋಡು, ಎಂ.ಎಸ್. ಮಾಡಿದವಳಿಗೆ ಪಾಠ ಶುರು ಮಾಡಿದೆ. ಬರೆಯೋಕೆ ಕೂತದ್ದು ಇದಕ್ಕಲ್ಲ.

ನಿನ್ನ ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ದಿನ. ಪೇಡ, ಮಾವನ ಸ್ಕೂಟರ್, ಅದೆಲ್ಲ ನಿನಗೂ ಗೊತ್ತು. ಅವತ್ತು ಓಟಿಯಲ್ಲಿ ನಾಲ್ಕನೇ ಕೇಸು, ತೀರ್ಥಹಳ್ಳಿ ಕಡೆಯ ಒಬ್ಬ ಯಜಮಾನರು. ಆಗಿನ ಮೆಶಿನ್ನಿಗೆ ನೀರು ಮುಗೀತಿದೆ ಅಂತ ಕೂಗೋ ಬುದ್ಧಿ ಇರಲಿಲ್ಲ. ಆ ಬುದ್ಧಿ ನಾನೇ. ಕಣ್ಣಿಗೆ ಬಿಡೋ ರಿಂಗರ್ ಲ್ಯಾಕ್ಟೇಟ್ ಬಾಟಲಿಯಲ್ಲಿ ಎರಡು ಬೆರಳು ನೀರಿತ್ತು. ಕಾರಿಡಾರಿನ ಫೋನ್ ಹೊಡೀತು. ಸೈಬರ್ ಸೆಂಟರಿನಿಂದ ನಿನ್ನ ಮಾವ. ಒಂದು ನಿಮಿಷ ಅಂದುಕೊಂಡು ಹೋದೆ. ಡಿಸ್ಟಿಂಕ್ಷನ್ ಅಂದ. ಅಷ್ಟಕ್ಕೇ ಇಟ್ಟಿದ್ದರೆ ಆಗಿತ್ತು. ಗಣಿತಕ್ಕೆ ಎಷ್ಟು ಅಂತ ಕೇಳಿದೆ. ಅವನು ಮತ್ತೆ ಹುಡುಕಿ ಹೇಳಿದ.

ಒಳಗೆ ಬರುವಾಗ ಡಾಕ್ಟರು "ಬಾಟಲಿ! ಬಾಟಲಿ!" ಅಂತಿದ್ದರು. ಚೇಂಬರ್ ಕುಸಿದು ಕ್ಯಾಪ್ಸೂಲ್ ತುದಿಗೆ ಬಂದು ಬಡಿದಾಗಿತ್ತು. ಅವರು ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯೋ ಹಾಗಿರಲಿಲ್ಲ. ನಾನು ಹೊಸ ಬಾಟಲಿ ಸಿಕ್ಕಿಸಿ, "ಬಾಟಲಿಗೆ ಗಾಳಿ ಬಿಡೋ ಸೂಜಿ ಕಟ್ಟಿಕೊಂಡಿತ್ತು ಸಾರ್" ಅಂತ ಸುಳ್ಳು ಹೇಳಿದೆ. ಖಾಲಿ ಬಾಟಲಿಯನ್ನು ಬಕೆಟ್ಟಿನಲ್ಲಿ ಉಳಿದವುಗಳ ಕೆಳಗೆ ತಳ್ಳಿದೆ. ಸಿಸ್ಟರ್ ನೋಡಿದರು, ಏನೂ ಅನ್ನಲಿಲ್ಲ.

ನಿಮಿಷಕ್ಕೆ 30 ಎಂ.ಎಲ್. ಹರಿವು. ಎರಡು ಬೆರಳು ಅಂದರೆ ಅರವತ್ತೋ ಎಂಬತ್ತೋ. ಆ ನೀರು ಎರಡು ನಿಮಿಷವಾದರೂ ಬರಬೇಕಿತ್ತು. ಗಾಯದ ಬಾಯಲ್ಲಿ ಸೋರಿದ್ದು ಬೇರೆ. ಈ ಲೆಕ್ಕವನ್ನು ನಾನು ಬಸ್ಸಲ್ಲಿ ಹಾಕಿದ್ದೀನಿ, ದೇವಸ್ಥಾನದಲ್ಲಿ ಹಾಕಿದ್ದೀನಿ, ನಿನ್ನ ಎಂಬಿಬಿಎಸ್ ಘಟಿಕೋತ್ಸವದಲ್ಲಿ ಎರಡನೇ ಸಾಲಲ್ಲಿ ಕೂತು ಹಾಕಿದ್ದೀನಿ. ನಿನ್ನ ಗಣಿತದ ಮಾರ್ಕ್ಸ್ ಇಲ್ಲದಿದ್ದರೆ ಸಾಕಾಗ್ತಿತ್ತು ಅಂತಲೇ ಉತ್ತರ ಬರುತ್ತೆ. ನಿನ್ನ ತಪ್ಪೇನಿಲ್ಲ ಅದರಲ್ಲಿ, ಹಾಗಂದುಕೊಳ್ಳಬೇಡ. ಇದನ್ನೇ ಹೇಳಬಾರದು ಅಂತ ಇಷ್ಟು ವರ್ಷ ಸುಮ್ಮನಿದ್ದದ್ದು. ನಿಮ್ಮಮ್ಮನಿಗೂ ಗೊತ್ತಿಲ್ಲ.

ತಿಂಗಳಾದ ಮೇಲೆ ಆ ಯಜಮಾನರು ಚೆಕಪ್ಪಿಗೆ ಬಂದರು. ನಾನು ಬಾಗಿಲ ಹಿಂದೆ ನಿಂತು ಎಣಿಸ್ತಿದ್ದೆ. ಅಕ್ಷರದ ಚಾರ್ಟಿನಲ್ಲಿ ಮೇಲಿನ ಮೂರು ಸಾಲು ಓದಿದರು. ನಾಲ್ಕನೆಯದಕ್ಕೆ ತಡವರಿಸಿದರು. ಹೋಗುವಾಗ ನನಗೂ ಕೈಮುಗಿದರು.

ಗುರುವಾರ ನಾನು ಆ ಹುಡುಗನ ಪರ ಅಷ್ಟು ಜೋರು ಮಾಡಿದ್ದು ಅವನಿಗಾಗಿಯಷ್ಟೇ ಅಲ್ಲ ಅಂತ ಆಮೇಲೆ ಹೊಳೀತು. ಅವನದೂ ತಪ್ಪಿರಬಹುದು, ನಾನು ಅಲ್ಲಿರಲಿಲ್ಲ. ನಿನ್ನ ಮೇಲೆ ಕೂಗಾಡಬಾರದಿತ್ತು. ನಿನ್ನ ಕೈ ಒಳ್ಳೇದು ಅಂತ ನಿನ್ನ ಪ್ರೊಫೆಸರೇ ನನ್ನ ಹತ್ತಿರ ಹೇಳಿದ್ದಾರೆ, ನಿನಗೆ ಜಂಬ ಬರುತ್ತೆ ಅಂತ ತಿಳಿಸಿರಲಿಲ್ಲ. ಒಂದು ಮಧ್ಯಾಹ್ನ ಕೇಸ್ ಇಲ್ಲದಾಗ ಅವನನ್ನು ಕರೆದು, ಮೆಶಿನ್ ಹಾಕಿಸಿ, ಸೂಜಿಯ ತುದಿಗೆ ಟೆಸ್ಟ್ ಚೇಂಬರ್ ಅನ್ನೋ ರಬ್ಬರ್ ಟೋಪಿ ಸಿಕ್ಕಿಸಿ, ಯಾವ ವ್ಯಾಕ್ಯೂಮ್‌ಗೆ ಅದು ಹೇಗೆ ಕುಸಿಯುತ್ತೆ ಅಂತ ಇಬ್ಬರೂ ನೋಡಿ. ಕೇಳೋಕೆ ನಾಚಿಕೆಯಾದರೆ ಅಪ್ಪ ಹೇಳಿದ್ರು ಅನ್ನು.

ಅಮ್ಮ ಕೋಡುಬಳೆ ಕಳಿಸ್ತಿದ್ದಾಳೆ, ಬುಧವಾರ ತಲುಪುತ್ತೆ. ನಿನ್ನ ಆ ಪೇಷೆಂಟ್ ಅಜ್ಜಿ ಚೆಕಪ್ಪಿಗೆ ಯಾವತ್ತು ಬರ್ತಾರೆ? ಬಂದ ದಿನ ಫೋನ್ ಮಾಡು, ಎಷ್ಟೊತ್ತಾದರೂ ಸರಿ. ಬೇರೇನೂ ಮಾತಾಡೋದು ಬೇಡ, ಎಷ್ಟು ಸಾಲು ಓದಿದರು ಅಂತ ಹೇಳಿ ಇಡು.

ಅಪ್ಪ