ಗೆಳೆಯನಿಗೊಂದು ಪತ್ರ: ‘ವಯಸ್ಸಾಯ್ತಲ್ಲ’ ಅನ್ನಬೇಡ

ಪ್ರೀತಿಯ ಗೆಳೆಯಾ,

ನಿನ್ನ ಪತ್ರ ಬಂದು ವಾರವಾಯಿತು. ಅಮ್ಮನಿಗೆ ಮರೆವು ಜಾಸ್ತಿಯಾಗಿದೆ, ಒಲೆ ಮೇಲೆ ಹಾಲಿಟ್ಟು ಮರೆಯುತ್ತಾರೆ, ಹೇಳಿದ್ದನ್ನೇ ಹೇಳುತ್ತಾರೆ ಎಂದು ಬರೆದಿದ್ದೀಯ. ಕೊನೆಗೆ ‘ಏನ್ ಮಾಡೋದು, ವಯಸ್ಸಾಯ್ತಲ್ಲ’ ಎಂದು ಮುಗಿಸಿದ್ದೀಯ. ಆ ಒಂದು ಸಾಲಿಗೋಸ್ಕರ ಈ ಪತ್ರ. ಅದೇ ಸಾಲನ್ನು ನಾನೂ ಒಂದು ವರ್ಷ ಹೇಳಿಕೊಂಡು ಓಡಾಡಿದ್ದೇನೆ.

ಅಪ್ಪ ಲೆಕ್ಕದಲ್ಲಿ ಎಷ್ಟು ಗಟ್ಟಿ ಅಂತ ನಿನಗೆ ಗೊತ್ತು. ಕಿರಾಣಿ ಅಂಗಡಿಯ ಚೀಟಿಯನ್ನು ಪೆನ್ನು ಮುಟ್ಟದೆ ಕೂಡಿಬಿಡುತ್ತಿದ್ದರು. ಅಂಥವರು ಚೀಟಿ ಕೈಯಲ್ಲಿ ಹಿಡಿದು ಸುಮ್ನೆ ಕೂರತೊಡಗಿದರು. ಒಂದು ಸಂಜೆ ವಾಕಿಂಗ್ ಮುಗಿಸಿ ಬಂದಾಗ ಒಂದೇ ಕಾಲಲ್ಲಿ ಚಪ್ಪಲಿ ಇತ್ತು. ಇನ್ನೊಂದು ಎಲ್ಲಿ ಕಳಚಿತು ಎಂದು ಕೇಳಿದರೆ, ಕಳಚಿದ್ದೇ ಗೊತ್ತಿಲ್ಲ ಅಂದರು. ಮರೆವು ಇಷ್ಟು ದೂರ ಬಂತಲ್ಲ ಎಂದು ನಾವು ಅಡುಗೆಮನೆಯಲ್ಲಿ ಪಿಸುಗುಟ್ಟಿಕೊಂಡೆವು. ತೋರಿಸಿದ ಡಾಕ್ಟರು ಬಿ.ಪಿ. ನೋಡಿ, ‘ಎಪ್ಪತ್ತಾರು ಅಲ್ವಾ, ಈ ವಯಸ್ಸಿಗೆ ಇದೆಲ್ಲ ಇದ್ದದ್ದೇ’ ಎಂದು ಕಳಿಸಿದರು. ನಾವೂ ಒಪ್ಪಿಕೊಂಡು ಬಂದೆವು.

ತಿಂಗಳುಗಳ ನಂತರ ಇನ್ನೊಬ್ಬ ಡಾಕ್ಟರು ಸಿಕ್ಕರು, ಚಿಕ್ಕ ಹುಡುಗಿ. ಮೊದಲು ನಾಲಿಗೆ ನೋಡಿದರು. ಆಮೇಲೆ ಕವಲಿರುವ ಒಂದು ಉಕ್ಕಿನ ಕಡ್ಡಿಯನ್ನು ಬಡಿದು ಅಪ್ಪನ ಕಾಲಿನ ಹೆಬ್ಬೆರಳಿಗೆ ಹಿಡಿದರು. ‘ನಡುಗೋದು ಗೊತ್ತಾಗ್ತಿದೆಯಾ ಅಜ್ಜಾ?’ ಅಪ್ಪ ಇಲ್ಲ ಅಂದರು. ಪಾದಕ್ಕೆ ವರ್ಷದಿಂದ ಸರಿಯಾಗಿ ಸ್ಪರ್ಶವೇ ಇರಲಿಲ್ಲ! ಯಾಕೆ ಹೇಳಲಿಲ್ಲ ಎಂದು ನಾನು ಸ್ವಲ್ಪ ಜೋರಾಗಿಯೇ ಕೇಳಿದೆ. ‘ವಯಸ್ಸಾಯ್ತಲ್ಲ, ಹೀಗೇ ಇರುತ್ತೆ ಅಂದ್ಕೊಂಡೆ’ ಅಂದರು. ರಕ್ತ ಪರೀಕ್ಷೆಯಲ್ಲಿ ವಿಟಮಿನ್ ಬಿ12 ತೀರಾ ಕೆಳಗಿತ್ತು. ಮರೆವು, ಕಾಲಿನ ತೊಂದರೆ ಎರಡಕ್ಕೂ ಅದೇ ಕಾರಣ ಅಂದರು. ಇಂಜೆಕ್ಷನ್ ಶುರುವಾಯಿತು. ಮೂರು ತಿಂಗಳಿಗೆ ಅಪ್ಪ ಮತ್ತೆ ಚೀಟಿ ಕೂಡತೊಡಗಿದರು. ಕಾಲು ಮಾತ್ರ ಪೂರ್ತಿ ಸರಿಹೋಗಿಲ್ಲ. ಆ ಒಂದು ವರ್ಷ ನನ್ನನ್ನು ಈಗಲೂ ಚುಚ್ಚುತ್ತದೆ.

ಆಮೇಲೆ ಇದರ ಬಗ್ಗೆ ಓದುತ್ತಾ ಹೋದೆ. ಅಲ್ಲಿ ಸಿಕ್ಕವರು ರಾಬರ್ಟ್ ಬಟ್ಲರ್, ಅಮೆರಿಕದ ಮನೋವೈದ್ಯರು. ಅವರನ್ನು ಬೆಳೆಸಿದ್ದು ಅಜ್ಜ ಅಜ್ಜಿ. ನ್ಯೂಜೆರ್ಸಿಯಲ್ಲಿ ಒಂದು ಕೋಳಿ ಫಾರಂ ಇತ್ತು. ಬಟ್ಲರ್‌ಗೆ ಏಳು ವರ್ಷವಿದ್ದಾಗ ಅಜ್ಜ ತೀರಿಕೊಂಡರು. ಆರ್ಥಿಕ ಕುಸಿತದಲ್ಲಿ ಫಾರಂ ಕೈಬಿಟ್ಟಿತು. ಅಜ್ಜಿ ಮೊಮ್ಮಗ ಉಳಿದುಕೊಂಡಿದ್ದ ಹೋಟೆಲ್‌ಗೆ ಬೆಂಕಿ ಬಿದ್ದು ಇದ್ದಬದ್ದ ಸಾಮಾನೂ ಹೋಯಿತು. ಆ ಅಜ್ಜಿ ಹೊಲಿಗೆ ಕೆಲಸಕ್ಕೆ ಹೋಗಿ ಹುಡುಗನನ್ನು ಸಾಕಿದರು. ಅಂಥ ಅಜ್ಜಿಯನ್ನು ಕಂಡ ಹುಡುಗ ಮೆಡಿಕಲ್ ಕಾಲೇಜಿಗೆ ಬಂದರೆ, ಅಲ್ಲಿ ವಯಸ್ಸಾದ ರೋಗಿಗಳ ಬಗ್ಗೆ ಮೇಷ್ಟ್ರುಗಳೇ ಹಗುರವಾಗಿ ಮಾತಾಡುತ್ತಿದ್ದರು. ಅದು ಅವರ ಮನಸ್ಸಿಗೆ ನಾಟಿತು. ಮುಂದೆ ಆರೋಗ್ಯವಾಗಿರುವ ಹಿರಿಯರನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ ತಂಡದಲ್ಲಿ ಕೆಲಸ ಮಾಡಿದರು. ಅರಳು ಮರಳು ಎಂದು ನಾವು ಅನ್ನುತ್ತೇವಲ್ಲ, ಅದು ವಯಸ್ಸಿನ ಜೊತೆ ಬರಲೇಬೇಕಾದದ್ದಲ್ಲ, ಅದರ ಹಿಂದೆ ಕಾಯಿಲೆ ಇರುತ್ತದೆ ಎಂದು ಆ ಕೆಲಸ ತೋರಿಸಿತು.

1969ರಲ್ಲಿ ವಾಷಿಂಗ್ಟನ್‌ನ ಚೆವಿ ಚೇಸ್ ಬಡಾವಣೆಯಲ್ಲಿ, ಬಡ ವೃದ್ಧರಿಗೆ ಸರ್ಕಾರ ಮನೆ ಕೊಡಲು ಹೊರಟಾಗ ಅಕ್ಕಪಕ್ಕದವರು ಎದ್ದುನಿಂತು ಬೇಡ ಅಂದರು. ಬಟ್ಲರ್ ಅಲ್ಲೇ ಇದ್ದವರು. ಈ ಮನೋಭಾವಕ್ಕೆ ‘ಏಜಿಸಂ’ ಎಂದು ಹೆಸರಿಟ್ಟರು. ಬಣ್ಣ ನೋಡಿ, ಹೆಣ್ಣು ಗಂಡು ನೋಡಿ ಕೀಳಾಗಿ ಕಾಣುವ ಹಾಗೆ ವಯಸ್ಸು ನೋಡಿ ಕಾಣುವುದು.

ಅದು ಅಮೆರಿಕದ ಕತೆ, ನಮ್ಮಲ್ಲಿ ಹಾಗಿಲ್ಲ ಎಂದು ನೀನು ಹೇಳಬಹುದು. ನಾವು ಹಿರಿಯರ ಕಾಲಿಗೆ ಬೀಳುತ್ತೇವೆ, ನಿಜ. ನಾನೂ ಪ್ರತಿ ಯುಗಾದಿಗೆ ಅಪ್ಪನ ಕಾಲು ಮುಟ್ಟಿದ್ದೇನೆ. ಆ ಕಾಲಿಗೆ ನನ್ನ ಕೈ ತಾಗಿದ್ದು ಗೊತ್ತಾಗುತ್ತಿದೆಯಾ ಎಂದು ಒಂದು ದಿನವೂ ಕೇಳಿರಲಿಲ್ಲ.

ಇನ್ನೊಂದು ಸಂಗತಿ ಕೇಳು. ವಿಶ್ವ ಆರೋಗ್ಯ ಸಂಸ್ಥೆ ಜಗತ್ತಿನ ಎಲ್ಲ ಕಾಯಿಲೆಗಳಿಗೂ ಒಂದೊಂದು ಕೋಡ್ ಕೊಟ್ಟು ಪಟ್ಟಿ ಇಡುತ್ತದೆ. 2022ರಿಂದ ಜಾರಿಗೆ ಬರಬೇಕಿದ್ದ ಹೊಸ ಪಟ್ಟಿಯಲ್ಲಿ ‘ಮುಪ್ಪು’ ಅನ್ನುವುದೂ ಒಂದು ಕೋಡ್ ಆಗಿ ಸೇರಿಬಿಟ್ಟಿತ್ತು! ಆ ಸಂಸ್ಥೆಯಲ್ಲೇ ವರ್ಷಗಟ್ಟಲೆ ಮುಪ್ಪಿನ ವಿಭಾಗ ನೋಡಿಕೊಂಡಿದ್ದ ಬ್ರೆಜಿಲ್‌ನ ಡಾಕ್ಟರ್ ಅಲೆಕ್ಸಾಂಡ್ರೆ ಕಲಾಶೆ ಇದರ ವಿರುದ್ಧ ದನಿ ಎತ್ತಿದರು. ಬ್ರೆಜಿಲ್‌ನಲ್ಲಿ ‘ಮುಪ್ಪು ರೋಗವಲ್ಲ’ ಅನ್ನುವ ಚಳವಳಿಯೇ ನಡೆಯಿತು. ಪದಕ್ಕಾಗಿ ಇಷ್ಟು ಗಲಾಟೆ ಯಾಕೆ ಅನ್ನಿಸಬಹುದು. ಚೀಟಿಯಲ್ಲಿ ‘ಮುಪ್ಪು’ ಎಂದು ಬರೆಯಲು ಅವಕಾಶ ಇದ್ದರೆ ಯಾವ ಡಾಕ್ಟರು ನಾಲಿಗೆ ನೋಡುತ್ತಾರೆ, ಯಾರು ಬಿ12 ಪರೀಕ್ಷೆ ಬರೆಯುತ್ತಾರೆ ಹೇಳು. 2021 ಮುಗಿಯುವ ಹೊತ್ತಿಗೆ ಸಂಸ್ಥೆ ಆ ಪದವನ್ನು ಕೈಬಿಟ್ಟಿತು. ಅದನ್ನು ಓದಿದ ರಾತ್ರಿ ನನಗೆ ನಿಜಕ್ಕೂ ಖುಷಿಯಾಗಿತ್ತು.

ಕಾನೂನಿನ ಕಡೆಯ ಕೆಲಸ ತುಂಬಾ ನಿಧಾನ. ಅರ್ಜೆಂಟೀನಾ 1948ರಲ್ಲೇ ವಿಶ್ವಸಂಸ್ಥೆಯ ಮುಂದೆ ವೃದ್ಧರ ಹಕ್ಕುಗಳ ಕರಡು ಇಟ್ಟಿತ್ತು. ಆಮೇಲೆ ಮಹಿಳೆಯರಿಗೆ, ಮಕ್ಕಳಿಗೆ, ಅಂಗವಿಕಲರಿಗೆ ಅಂತರರಾಷ್ಟ್ರೀಯ ಒಪ್ಪಂದಗಳು ಬಂದವು. ವೃದ್ಧರಿಗೆ ಮಾತ್ರ ಬರಲಿಲ್ಲ. 2014ರಲ್ಲಿ ಚಿಲಿಯ ರೋಸಾ ಕಾರ್ನ್‌ಫೆಲ್ಡ್-ಮಾಟೆ ವೃದ್ಧರ ಹಕ್ಕುಗಳಿಗೆಂದೇ ವಿಶ್ವಸಂಸ್ಥೆಯಲ್ಲಿ ನೇಮಕವಾದ ಮೊದಲ ಸ್ವತಂತ್ರ ತಜ್ಞೆಯಾದರು. 2020ರಲ್ಲಿ ಆ ಜಾಗಕ್ಕೆ ಆಸ್ಟ್ರಿಯಾದ ಕ್ಲಾಡಿಯಾ ಮಾಹ್ಲರ್ ಬಂದರು. ಒಪ್ಪಂದ ಬೇಕೇ ಬೇಕು ಎಂದು ಇಬ್ಬರೂ ಹೇಳುತ್ತಲೇ ಬಂದರು. ಕೊನೆಗೆ 2025ರ ಏಪ್ರಿಲ್‌ನಲ್ಲಿ ಜಿನೀವಾದಲ್ಲಿರುವ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿ ಅದರ ಕರಡು ಬರೆಯಲು ಒಂದು ಗುಂಪು ಮಾಡಲು ಒಪ್ಪಿತು.

ಅಷ್ಟು ದಿನ ಕಾಯಲು ನಿನ್ನ ಅಮ್ಮನಿಗೆ ಆಗುವುದಿಲ್ಲ. ಈ ಭಾನುವಾರ ಊರಿಗೆ ಹೋಗು. ಕಾಲು ಜುಮ್ ಅನ್ನುತ್ತಾ, ಊಟ ಸೇರುತ್ತಾ, ನಿದ್ದೆ ಬರುತ್ತಾ ಎಂದು ಪಕ್ಕದಲ್ಲಿ ಕೂತು ಕೇಳು. ಬಿ12, ಥೈರಾಯ್ಡ್ ಎರಡೂ ನೋಡಿಸು. ಕಿವಿಯನ್ನೂ ಪರೀಕ್ಷೆ ಮಾಡಿಸು. ಸರಿಯಾಗಿ ಕೇಳಿಸದೇ ಇದ್ದದ್ದೂ ನಮಗೆ ಮರೆವಿನ ಹಾಗೆ ಕಾಣುತ್ತದೆ. ಎಲ್ಲ ಮರೆವೂ ಇಂಜೆಕ್ಷನ್‌ಗೆ ಹೋಗುವುದಿಲ್ಲ, ಅದು ನನಗೂ ಗೊತ್ತು. ನೆನಪು, ಯೋಚನೆ ಎರಡನ್ನೂ ಕುಗ್ಗಿಸುವ ಡಿಮೆನ್ಶಿಯಾ ಆಗಿದ್ದರೆ ಅದೂ ಕಾಯಿಲೆಯೇ, ಅದಕ್ಕೂ ಆರೈಕೆ ಇದೆ. ನಿಮ್ಹಾನ್ಸ್‌ನಲ್ಲಿ ಹಿರಿಯರಿಗೆಂದೇ ವಿಭಾಗವಿದೆ, ಕರೆದುಕೊಂಡು ಬಾ. ನಮ್ಮ ಮನೆಯಲ್ಲೇ ಉಳಿದುಕೊಳ್ಳಿ.

ಮತ್ತೆ ಡಾಕ್ಟರು ‘ಅಮ್ಮನಿಗೆ ಏನು ತೊಂದರೆ?’ ಎಂದು ನಿನ್ನನ್ನು ಕೇಳಿದರೆ ನೀನು ಉತ್ತರ ಕೊಡಬೇಡ. ಅಮ್ಮನ ಕಡೆ ತಿರುಗು. ಅವರು ನಿಧಾನವಾಗಿ ಹೇಳಲಿ, ಕಾಯಿ.

ರಿಪೋರ್ಟ್ ಬಂದ ದಿನವೇ ಫೋನ್ ಮಾಡು. ಎಷ್ಟು ಹೊತ್ತಾದರೂ ಪರವಾಗಿಲ್ಲ.

ನಿನ್ನ ಗೆಳೆಯ