ಸೋಲ್ಫಾ ಪುಸ್ತಕಗಳನ್ನು ಗುಜರಿಗೆ ಹಾಕಬೇಡಿ

ಮಾನ್ಯ ಸಂಪಾದಕರೇ,

ಮಲ್ಪೆ ಕಡೆಯ ನಮ್ಮ ಕ್ರೈಸ್ತ ಸಭೆ ಸಣ್ಣದು, ನಲವತ್ತು ಮನೆಗಳಷ್ಟೇ. ಮೊನ್ನೆ ಬೆಳೆ ಹಬ್ಬದ ಸಂಜೆ ಏಲಂ ಮುಗಿದ ಮೇಲೆ ನಾನು ಮತ್ತು ನನ್ನ ಹದಿನೈದರ ಮಗ ಸೇರಿ ಒಂದು ಹಾಡು ಹಾಡಿದೆವು. ಎರಡನೇ ಚರಣದಲ್ಲಿರುವಾಗ ಏಲಂನಲ್ಲಿ ಹೋದ ಹುಂಜ ಬೆಂಚಿನ ಅಡಿಯಿಂದ ಗಟ್ಟಿಯಾಗಿ ಕೂಗಿತು. ಎಲ್ಲರೂ ನಕ್ಕರು, ಮಗನೂ ನಕ್ಕ. ಹಾಡು ಮಾತ್ರ ನಿಲ್ಲಲಿಲ್ಲ. ಆದರೆ ನಾನು ಬರೆಯಲು ಹೊರಟದ್ದು ಹುಂಜದ ವಿಷಯ ಅಲ್ಲ, ಆ ಹಾಡನ್ನು ಉಳಿಸಿಕೊಟ್ಟ ಕೈಬರಹದ ಸ್ವರಲಿಪಿ ಪುಸ್ತಕದ ವಿಷಯ.

ಹಬ್ಬಕ್ಕೆ ನಾಲ್ಕು ದಿನ ಇರುವಾಗ ಮಗನ ಸ್ವರ ಕೈಕೊಟ್ಟಿತು. ಗಂಟಲು ಒಡೆಯುವ ಪ್ರಾಯ ಅಲ್ವಾ. ಕಳೆದ ವರ್ಷ ಹುಡುಗಿಯರ ಸಾಲಿನಲ್ಲಿ ನಿಂತು ಸೊಪ್ರಾನೋ, ಅಂದರೆ ಎಲ್ಲಕ್ಕಿಂತ ಮೇಲಿನ ಸ್ವರ, ಹಾಡಿದವನು ಈ ಸಲ ಮೇಲಿನ ಸ್ವರ ಬಂದ ಕೂಡಲೇ ಕೀರಲು ದನಿಯಾಗಿ ನಿಂತುಬಿಡುತ್ತಿದ್ದ. "ಪಪ್ಪ, ನೀವೇ ಹಾಡಿ, ನಾನು ಬರುವುದಿಲ್ಲ" ಎಂದ. ಫೋನಿನಲ್ಲಿ ಟ್ರ್ಯಾಕ್ ಹುಡುಕಿದ. ಈ ಹಳೆ ಹಾಡಿಗೆ ಟ್ರ್ಯಾಕ್ ಮಾಡಿದವರು ಯಾರೂ ಇರಲಿಲ್ಲ.

ಆಗ ಕಪಾಟಿನಿಂದ ನನ್ನ ತಂದೆಯ ಪುಸ್ತಕ ತೆಗೆದೆ. ಅವರು ಹಂಚಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದರು, ಗಾಯನ ಮಂಡಳಿಯಲ್ಲಿ ಟೆನರ್, ಅಂದರೆ ಗಂಡಸರ ಮೇಲಿನ ಸ್ವರ ಹಾಡುವವರು. ನೀಲಿ ಶಾಯಿಯಲ್ಲಿ ಅವರೇ ಬರೆದ ಸೋಲ್ಫಾ ಪುಸ್ತಕ ಅದು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಡೋ, ರೇ, ಮಿ, ಫಾ ಇವುಗಳ ಮೊದಲ ಅಕ್ಷರ ಬರೆದು, ನಡುವೆ ಚುಕ್ಕಿ, ಗೆರೆ ಹಾಕಿ ತಾಳ ತೋರಿಸುವ ಪದ್ಧತಿ ಇದು. ಮೇಲಿನ ಸ್ಥಾಯಿಗೆ ಅಕ್ಷರದ ತಲೆಯ ಹತ್ತಿರ ಒಂದು ಸಣ್ಣ ಗೀಟು, ಕೆಳಗಿನದಕ್ಕೆ ಬುಡದಲ್ಲಿ. 19ನೇ ಶತಮಾನದಲ್ಲಿ ಇಂಗ್ಲೆಂಡಿನ ಜಾನ್ ಕರ್ವೆನ್ ಎಂಬ ಪಾದ್ರಿ ಇದನ್ನು ಬೆಳೆಸಿದರು. ನಮ್ಮ ಸಂಗೀತದಲ್ಲಿ ಷಡ್ಜವನ್ನು ಯಾವ ಶ್ರುತಿಗೆ ಬೇಕಾದರೂ ಇಟ್ಟುಕೊಳ್ಳುತ್ತೇವಲ್ಲ, ಇಲ್ಲಿ ಡೋ ಕೂಡ ಹಾಗೆಯೇ. ಪುಟದ ತಲೆಯಲ್ಲಿ 'ಡೋ ಜಿ' ಎಂದು ಶ್ರುತಿ ಬರೆದಿದ್ದದ್ದನ್ನು, ಮಗನ ಸ್ವರಕ್ಕೆ ತಗ್ಗಿಸಲು, ಪೆನ್ಸಿಲ್‌ನಲ್ಲಿ 'ಡಿ' ಮಾಡಿದೆ. ಕೆಳಗಿನ ಒಂದು ಅಕ್ಷರವನ್ನೂ ಮುಟ್ಟಲಿಲ್ಲ.

"ಇಷ್ಟೇ ಸಾಕಾ?" ಎಂದು ಮಗ ಕೇಳಿದ. ಕೀಬೋರ್ಡ್ ಕ್ಲಾಸಿಗೆ ಹೋಗುವವನು, ಐದು ಗೆರೆಯ ಸ್ಟಾಫ್ ಸ್ವರಲಿಪಿ ಓದಬಲ್ಲವನು, ಅವನಿಗೇ ಆಶ್ಚರ್ಯ. ಎರಡು ಸಂಜೆಯಲ್ಲಿ ಕಲಿತುಬಿಟ್ಟ. ನನ್ನ ಪಾಡು ಬೇರೆ. ನಾನು ಬೋಟಿನ ಇಂಜಿನ್ ರಿಪೇರಿ ಮಾಡುವವನು, ಹೊಸ ಶ್ರುತಿಗೆ ಹಾರ್ಮೋನಿಯಂ ಮೇಲೆ ಬೆರಳು ತಿರುಗಿಸಲು ರಾತ್ರಿ ಹನ್ನೊಂದರವರೆಗೆ ಕುಳಿತೆ.

ಈಗ ವಿಷಯಕ್ಕೆ ಬರುತ್ತೇನೆ. ಹೋದ ವರ್ಷ ನಮ್ಮ ಬಂಧುವೊಬ್ಬರು ಹಳೆ ಮನೆ ಒಡೆಯುವಾಗ ಇಂಥದ್ದೇ ಏಳೆಂಟು ಪುಸ್ತಕ ಗುಜರಿಯವನಿಗೆ ಕೊಟ್ಟರು. ಕಿಲೋ ಲೆಕ್ಕದಲ್ಲಿ! ನನಗೆ ಗೊತ್ತಾದದ್ದು ಒಂದು ವಾರ ಕಳೆದ ಮೇಲೆ. 1834ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿಗೆ ಬಂದ ಮೇಲೆ ಇಲ್ಲಿ ಅಚ್ಚಾದ ಪುಸ್ತಕಗಳಿಗೆ ಬಲ್ಮಠದ ಕರ್ನಾಟಕ ಥಿಯಾಲಜಿಕಲ್ ಕಾಲೇಜಿನ ಸಂಗ್ರಹದಲ್ಲಿ ಜಾಗ ಸಿಕ್ಕಿದೆ. 1843ರಲ್ಲಿ ಅವರೇ ಹೊರತಂದ ಮೊದಲ ಕನ್ನಡ ಪತ್ರಿಕೆ 'ಮಂಗಳೂರ ಸಮಾಚಾರ'ದ ಹೆಸರನ್ನು ನಿಮ್ಮಂಥ ಪತ್ರಿಕೆಯವರು ಪ್ರತಿ ಜುಲೈ 1ಕ್ಕೆ ನೆನೆಯುತ್ತೀರಿ. ಅಚ್ಚಾದದ್ದನ್ನು ನೋಡಿಕೊಳ್ಳಲು ಜನ ಇದ್ದಾರೆ ಮಾರಾಯ್ರೆ. ಕೈಬರಹದ್ದು ಮನೆಯ ಅಟ್ಟದಲ್ಲೇ ಇದೆ, ಮಳೆಗಾಲಕ್ಕೆ ಒಂದಿಷ್ಟು, ಒರಲೆಗೆ ಒಂದಿಷ್ಟು ಹೋಗುತ್ತಿದೆ.

ಉಡುಪಿ, ಮಂಗಳೂರು ಕಡೆಯ ಯಾರ ಮನೆಯಲ್ಲಾದರೂ ಇಂಥ ಪುಸ್ತಕ ಇದ್ದರೆ ದಯವಿಟ್ಟು ಎಸೆಯಬೇಡಿ. ನಿಮ್ಮ ಸಭಾಪಾಲಕರಿಗೆ ತೋರಿಸಿ. ಮನೆಯ ಮಕ್ಕಳ ಕೈಯಲ್ಲಿ ಪ್ರತಿ ಪುಟದ ಫೋಟೋ ತೆಗೆಸಿಡಿ, ಪುಸ್ತಕ ನಿಮ್ಮಲ್ಲೇ ಇರಲಿ.

ನನ್ನದೊಂದು ಸ್ವಾರ್ಥವೂ ಇದೆ. ತಂದೆಯ ಪುಸ್ತಕದಲ್ಲಿ ಕ್ರಿಸ್ಮಸ್ ಹಾಡುಗಳಿರುವ ಕಡೆ ಆರು ಪುಟಗಳ ಕೆಳಭಾಗವನ್ನು ಒರಲೆ ತಿಂದಿದೆ. ನಾಲ್ಕು ಸ್ವರಗಳಲ್ಲಿ ಎಲ್ಲಕ್ಕಿಂತ ಕೆಳಗೆ ಬರೆಯುವುದು ಬೇಸ್. ಮಗನ ಹೊಸ ಸ್ವರ ಈಗ ಅಲ್ಲಿಗೇ ಇಳಿಯುತ್ತಿದೆ. ಆ ಸಾಲುಗಳು ಯಾರಲ್ಲಾದರೂ ಇದ್ದರೆ ಡಿಸೆಂಬರ್ ಒಳಗೆ ಈ ಅಂಕಣಕ್ಕೇ ಒಂದು ಸಾಲು ಬರೆಯಿರಿ, ನಾವಿಬ್ಬರೂ ಬೈಕಿನಲ್ಲಿ ಬಂದು ಅಲ್ಲೇ ಕುಳಿತು ನಕಲು ಮಾಡಿಕೊಂಡು ಹೋಗುತ್ತೇವೆ.

— ಒಬ್ಬ ಓದುಗ, ಮಲ್ಪೆ, ಉಡುಪಿ