ಶನಿವಾರದ ಚೌಕಿ ಶೂಟಿಂಗ್: ಲೈಟ್ ತರುವವರಿಗೆ

ನಮಸ್ಕಾರ. ಯಕ್ಷಗಾನದ ಚೌಕಿಗೆ (ಕಲಾವಿದರು ಬಣ್ಣ ಹಚ್ಚಿಕೊಳ್ಳುವ ಜಾಗ) ಅಂಗೈಯಷ್ಟು ಅಗಲದ ಅಗ್ಗದ ಎಲ್‌ಇಡಿ ಲೈಟ್ ಸಾಕು. ಹಿಂದಿನ ರಾತ್ರಿಯೇ ಚಾರ್ಜ್ ಮಾಡಿಡಿ.

ಕ್ಯಾಮೆರಾ ಮೇಲೆ ಕೂರಿಸಬೇಡಿ, ಮುಖ ಚಪ್ಪಟೆ ಕಾಣುತ್ತದೆ. ಪಕ್ಕದಿಂದ, ಸ್ವಲ್ಪ ಮೇಲಿಂದ ಹಿಡಿಯಿರಿ. ಆಗ ಬಣ್ಣದ ವೇಷದ (ರಾಕ್ಷಸ ಪಾತ್ರದ) ಮುಖಕ್ಕೆ ಅಕ್ಕಿಹಿಟ್ಟಿನಿಂದ ಇಡುವ ಚುಟ್ಟಿ ಒಂದೊಂದೂ ನೆರಳು ಸಮೇತ ಎದ್ದು ನಿಲ್ಲುತ್ತದೆ. ಲೈಟ್ ಮುಂದೆ ಬಟರ್ ಪೇಪರ್ ಅಂಟಿಸಿದರೆ ಬೆಳಕು ಮೆತ್ತಗಾಗುತ್ತದೆ. ನಾನು ಬೇಕರಿ ಪೇಪರನ್ನೇ ಹರಿದು ಹಾಕಿದ್ದೆ!

ಅಲ್ಲಿ ಹಳದಿ ಬಲ್ಬ್ ಇದ್ದರೆ ಲೈಟಿನ ಬಣ್ಣವನ್ನೂ ಹಳದಿಗೆ, ಅಂದರೆ 3200 ಕೆಲ್ವಿನ್‌ಗೆ ಇಡಿ. ಹಗಲಿನ ಬಿಳಿ ಬೆಳಕಿನ 5600ರಲ್ಲೇ ಬಿಟ್ಟರೆ ಅರ್ಧ ಮುಖ ನೀಲಿ. ಅಗ್ಗದ ಲೈಟ್‌ಗಳು ಬೆಳಕು ತಗ್ಗಿಸಿದಾಗ ಜಾಸ್ತಿ ಮಿನುಗುತ್ತವೆ. ತಗ್ಗಿಸುವ ಬದಲು ಸುಮ್ನೆ ಎರಡು ಹೆಜ್ಜೆ ಹಿಂದೆ ಸರಿಯಿರಿ. ವಿಡಿಯೊಗೆ ಕ್ಯಾಮೆರಾದ ಶಟರ್ 1/50 ಸೆಕೆಂಡ್ ಇರಲಿ.

ಕಲಾವಿದರು ಕಣ್ಣಿಗೆ ಕಾಡಿಗೆ ಹಚ್ಚುವಾಗ ಮಾತ್ರ ಲೈಟ್ ಆರಿಸಿ, ದಯವಿಟ್ಟು.